ಉಡಿ ತುಂಬದ ಇಪ್ಪತ್ತೊಂದು ವೋಟು

ನಮ್ಮ ಓಣಿಯ ನೇಕಾರರ ಸಂಘಕ್ಕೆ ಈ ಸಲ ಅಧ್ಯಕ್ಷ ಯಾರಾಗುತ್ತಾನೆ ಎಂದು ಗಂಡಸರು ಕಾಗದದ ಮೇಲೆ ಲೆಕ್ಕ ಹಾಕಿದರು. ನಾನು ದಾರದ ಮೇಲೆ ಹಾಕಿದೆ. ಅವರು ಅದಕ್ಕಾಗಿ ಹದಿನೈದು ದಿನ ಚಹಾದಂಗಡಿಯ ಬೆಂಚು ಸವೆಸಿದರು. ನಾನು ಕೆಲಸ ಬಿಡದೆ ಹಾಕಿದೆ.

ನಮ್ಮದು ಸರಕಾರದ ಸೊಸೈಟಿಯಲ್ಲ. ಇಳಕಲ್ಲಿನಲ್ಲಿ ಅಂಥವು ಬೇರೆ ಇವೆ. ಇದು ಓಣಿಯವರೇ ಕಟ್ಟಿಕೊಂಡ ಸಂಘ. ಗಂಡಸರು, ಹೆಂಗಸರು ಸೇರಿ ನೂರಾ ಮೂವತ್ತೆಂಟು ಸದಸ್ಯರು. ಅಧ್ಯಕ್ಷನನ್ನು ಎಲ್ಲರೂ ಚೀಟಿ ಹಾಕಿ ಆರಿಸಬೇಕು. ಸಂಘಕ್ಕೆ ಇರುವ ಆಸ್ತಿ ಒಂದೇ, ಒಂದು ಉದ್ದನೆಯ ಶೆಡ್ಡು. ಅದರಲ್ಲಿ ಹನ್ನೆರಡು ಕುಣಿಮಗ್ಗ. ಕುಣಿಮಗ್ಗ ಎಂದರೆ ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತು ನೇಯುವ ಮಗ್ಗ. ಮನೆಯಲ್ಲಿ ಕುಣಿ ತೋಡಲು ಜಾಗವಿಲ್ಲದವರಿಗೆ ಆ ಹನ್ನೆರಡು. ಬಾಗಿಲಿನಿಂದ ನಾಲ್ಕನೆಯದು ನನ್ನದು. ಅದರಲ್ಲಿ ಕಾಲಿಟ್ಟಾಗ ನನ್ನ ಕೂದಲು ಕಪ್ಪಗಿತ್ತು. ನನ್ನ ಮನೆ ಒಂದೂವರೆ ಖೋಲಿ. ಅದರಲ್ಲಿ ಮಗ, ಸೊಸೆ, ಎರಡು ಮಕ್ಕಳು, ನಾನು. ಅಲ್ಲಿ ಕುಣಿ ತೋಡಿದರೆ ಅದರೊಳಗೇ ಮಲಗಬೇಕು, ಅದರೊಳಗೇ ಅಡಿಗೆ ಮಾಡಬೇಕು.

ಹೀಗಾಗಿ ಶೆಡ್ಡು ಹೋದರೆ ನನ್ನ ಕೆಲಸವೂ ಹೋಗುತ್ತದೆ. ಈ ಚುನಾವಣೆಯಲ್ಲಿ ಹೋಗುವುದೋ ಉಳಿಯುವುದೋ ಎಂದಿದ್ದದ್ದು ಅದೇ.

ನಿಂತವರು ಇಬ್ಬರು. ಒಬ್ಬ ಸೀರೆ ಸಾಹುಕಾರ, ಚೀಟಿಯ ಮೇಲೆ ಅವನ ಗುರುತು ನೂಲು ಸುತ್ತುವ ರಾಟಿ. ನಾವು ನೇಯ್ದ ಸೀರೆ ಕೊಂಡು ಬಾಗಲಕೋಟೆ, ಹುಬ್ಬಳ್ಳಿಗೆ ಮಾರುವವನು. ಶೆಡ್ಡು ಕೆಡವಿ ಅಲ್ಲಿ ಎರಡಂತಸ್ತಿನ ಅಂಗಡಿ ಸಾಲು ಕಟ್ಟಿಸುತ್ತೇನೆ, ಓಣಿಯ ಹುಡುಗರಿಗೆ ಒಂದೊಂದು ಅಂಗಡಿ ಎಂದು ಅವನ ಮಾತು. ಇನ್ನೊಬ್ಬ ಹಾಲಿ ಅಧ್ಯಕ್ಷ, ಗುರುತು ನೇಯುವಾಗ ಅಡ್ಡ ನೂಲು ಒಯ್ಯುವ ಲಾಳಿ. ಒಂಬತ್ತು ವರ್ಷ ಆ ಕುರ್ಚಿಯಲ್ಲಿ ಕೂತು ಮಾಡಿದ ಕೆಲಸ ನೆನಪಿಗೆ ಬರುತ್ತಿಲ್ಲ, ಬಂದರೆ ಬರೆಯುತ್ತೇನೆ. ಶೆಡ್ಡಿನ ತಗಡು ತೂತಾಗಿ ನನ್ನ ಹಾಸಿನ ಮೇಲೆ, ಅಂದರೆ ಮಗ್ಗಕ್ಕೆ ಕಟ್ಟಿದ ಉದ್ದ ಎಳೆಗಳ ಮೇಲೆ, ಮಳೆ ಹನಿಸುತ್ತದೆ ಎಂದು ಮೂರು ಸಲ ಹೇಳಿದೆ. ಮೂರು ಸಲವೂ "ನೋಡೋಣ ಬೇ" ಎಂದ. ಆದರೆ ಅವನು ಶೆಡ್ಡು ಕೆಡವುವವನಲ್ಲ. ಕೆಡವಬೇಕೆಂದರೂ ಏಳಬೇಕಲ್ಲ.

ಸಾಹುಕಾರನ ಮಾತು ಪೂರಾ ತಪ್ಪೆಂದು ನಾನು ಹೇಳುವುದಿಲ್ಲ. ನನ್ನ ಮಗನಿಗೂ ಅಂಗಡಿಯ ಆಸೆ ಇತ್ತು. ಮಗ್ಗದ ಮೇಲೆ ಕೂತು ಅವನ ಸೊಂಟ ಹೋಗಿದೆ, ಮೊಬೈಲ್ ರಿಪೇರಿ ಕಲಿತಿದ್ದಾನೆ. ಒಂದು ಸಂಜೆ ಬಂದು ಹೇಳಿದ:

"ಯವ್ವಾ, ನಮ್ಮ ಮನಿಯ ಎರಡೂ ವೋಟು ರಾಟಿಗೆ ಅಂತ ಹೇಳಿ ಬಂದೇನಿ."

"ಒಂದು ನಿಂದು. ಇನ್ನೊಂದು ಯಾರದೋ?"

"ನಿಂದ. ಮತ್ತ ಯಾರದಿರ್ತೈತಿ?"

"ನಂದು ನೀ ಹೆಂಗ ಹೇಳಿ ಬಂದಿ?"

"ಅಂದ್ರ ಬ್ಯಾರೆ ಹಾಕ್ತೀಯೇನು?"

"ಹಾಕೂತನಕ ನನಗೂ ಗೊತ್ತಿಲ್ಲ. ರೊಟ್ಟಿ ತಿನ್ನು, ಆರತಾವ."

ಸೊಸೆ ಒಲೆಯ ಕಡೆ ಮುಖ ಮಾಡಿ ನಕ್ಕಳು. ಅವಳಿಗೆ ಸಂಘದ ಸದಸ್ಯತ್ವ ಇಲ್ಲ, ಅದಕ್ಕೇ ನಗು ಬಂತು.

ಚಹಾದಂಗಡಿಯಲ್ಲಿ ಲೆಕ್ಕ ಹಾಕುತ್ತಿದ್ದವನು ರಿಟೈರಾದ ಸಾಲಿ ಮಾಸ್ತರ. ಅವನು ಸಾಹುಕಾರನ ಕಡೆಯವನು. ಸದಸ್ಯರ ಪಟ್ಟಿಯ ಝೆರಾಕ್ಸ್ ತಂದು, ಕೆಂಪು ಪೆನ್ನಿನಿಂದ ರಾಟಿಗೆ ಒಂದು ಗೆರೆ, ನೀಲಿ ಪೆನ್ನಿನಿಂದ ಲಾಳಿಗೆ ಒಂದು ಗೆರೆ ಎಳೆಯುತ್ತಿದ್ದ. ಕೆಂಪು ಎಪ್ಪತ್ತೆರಡು, ನೀಲಿ ಅರವತ್ತಾರು. "ಆರರ ಮೇಲೆ ಗೆದ್ದ ಹಾಂಗ" ಎಂದು ದಿನವೂ ಹೇಳುತ್ತಿದ್ದ. ಕೇಳಿದವರು ದಿನವೂ ಚಹಾ ಕುಡಿಸುತ್ತಿದ್ದರು.

ಅವನು ಅಷ್ಟು ಧೈರ್ಯದಿಂದ ಹೇಳಲು ಕಾರಣ ಉಡಿ. ನಮ್ಮ ಕಡೆ ಮುತ್ತೈದೆಗೆ ಉಡಿ ತುಂಬುವುದೆಂದರೆ ಸಣ್ಣ ಮಾತಲ್ಲ. ಸೆರಗು ಒಡ್ಡಿಸಿ ಅದರೊಳಗೆ ಅಕ್ಕಿ, ತೆಂಗಿನಕಾಯಿ, ಅರಿಷಿಣ ಕೊಂಬು, ಉತ್ತತ್ತಿ, ಗುಳೇದಗುಡ್ಡದ ಕುಪ್ಪಸದ ಖಣ ಹಾಕಿ ಕುಂಕುಮ ಹಚ್ಚುತ್ತಾರೆ. ಉಡಿ ತುಂಬಿದ ಮನೆಗೆ ಎರಡು ಬಗೆಯಬಾರದು, ಬಗೆದರೆ ಹೊಟ್ಟೆಯ ಮಕ್ಕಳಿಗೆ ಒಳ್ಳೆಯದಾಗುವುದಿಲ್ಲ ಎಂಬ ನಂಬಿಕೆ. ಸಾಹುಕಾರನ ಹೆಂಡತಿ ಒಂದು ಶುಕ್ರವಾರ ಬುಟ್ಟಿ ಹೊರಿಸಿಕೊಂಡು ಓಣಿಯ ಮನೆಮನೆಗೂ ಹೋದಳು. ಹಾಲಿ ಅಧ್ಯಕ್ಷ ಯಾರ ಉಡಿಯನ್ನೂ ತುಂಬಿಸಲಿಲ್ಲ. ಅವನ ಹೆಂಡತಿಯೂ ಅವನಂಥವಳೇ.

ನಮ್ಮ ಬಾಗಿಲಿಗೂ ಬುಟ್ಟಿ ಬಂತು. ಸೊಸೆ ವೋಟಿಲ್ಲದವಳು, ನಾನು ವೋಟಿದ್ದವಳು. ಹೊಸ್ತಿಲ ಮೇಲೆ ಕೂತು ಲಾಳಿಯೊಳಗಿಡುವ ಕಂಡಿಕೆಗೆ ನೂಲು ಸುತ್ತುತ್ತಿದ್ದೆ. ಸಾಹುಕಾರನ ಹೆಂಡತಿ ನನ್ನ ಹಣೆ ನೋಡಿದಳು, ಕೈ ನೋಡಿದಳು. ಹಿಂದೆ ಬುಟ್ಟಿ ಹೊತ್ತವಳಿಗೆ, "ಇಲ್ಲಿ ಬ್ಯಾಡ, ಮುಂದ ನಡಿ" ಎಂದಳು. ಬುಟ್ಟಿ ಮುಂದೆ ಹೋಯಿತು. ನನ್ನ ಗಂಡ ಸತ್ತು ಇಪ್ಪತ್ತಾರು ವರ್ಷ. ಬುಟ್ಟಿಗಳು ಮುಂದೆ ಹೋಗುವುದನ್ನು ಅಷ್ಟು ವರ್ಷವೂ ನೋಡಿದ್ದೇನೆ, ಅದರಿಂದ ನನಗೇನೂ ಆಗಲಿಲ್ಲ. ಆದರೆ ಆ ಹೊತ್ತಿಗೆ ತಲೆಯಲ್ಲಿ ಒಂದು ಎಣಿಕೆ ಹತ್ತಿತು.

ನನಗೆ ಅಕ್ಷರ ಕಡಿಮೆ. ಓಣಿಯಲ್ಲಿ ರಾತ್ರಿ ಸಾಲಿ ನಡೆಸಿದಾಗ ಕಲಿತದ್ದು, ಅದರಲ್ಲೂ ಒತ್ತಕ್ಷರ ಇವತ್ತಿಗೂ ಕೈಗೆ ಕುದುರುವುದಿಲ್ಲ. ಆದರೆ ಎಣಿಕೆ ಬರುತ್ತದೆ. ಇಳಕಲ್ ಸೀರೆಗೆ ಸೆರಗಿನ ಹಾಸು ಬೇರೆ, ಮೈಯ ಹಾಸು ಬೇರೆ. ಎರಡರ ಎಳೆಗಳನ್ನು ಒಂದರೊಳಗೊಂದು ಸಿಕ್ಕಿಸಿ ಜೋಡಿಸುತ್ತೇವೆ, ಅದಕ್ಕೆ ಕೊಂಡಿ ಎನ್ನುತ್ತಾರೆ. ಸಾವಿರಗಟ್ಟಲೆ ಎಳೆ. ಈ ಕಡೆಯದಕ್ಕೆ ಆ ಕಡೆಯ ಜೋಡಿ ಸಿಗದೆ ಒಂದು ಎಳೆ ಉಳಿದರೂ ಬಿಚ್ಚಿ ಮೊದಲಿನಿಂದ ಬರಬೇಕು. ಕೊಂಡಿ ಹಾಕಲು ಒಬ್ಬರ ಕೈ ಸಾಲದೆಂದು ಮನೆಮನೆಯವರು ನನ್ನನ್ನು ಕರೆಯುತ್ತಾರೆ. ಬೆರಳು ಎಳೆಯ ಮೇಲಿದ್ದರೂ ಕಿವಿ ಖಾಲಿ ಇರುತ್ತದೆ. ಯಾವ ಮನೆಯಲ್ಲಿ ಗಂಡ ಲಾಳಿ ಎನ್ನುತ್ತಾನೆ, ಹೆಂಡತಿ ರಾಟಿ ಎನ್ನುತ್ತಾಳೆ, ಯಾರು ಹೊರಗೆ ಒಂದು ಹೇಳಿ ಒಳಗೆ ಒಂದು ಮಾಡುವವರು, ಎಲ್ಲ ಗೊತ್ತಾಗುತ್ತದೆ.

ಹಾಗೆ ಕೊಂಡಿ ಹಾಕಿ ಸಂಜೆ ಮನೆಗೆ ಬಂದು ದಾರ ತೆಗೆದೆ. ರಾಟಿಗೆ ಕೆಂಪು ದಾರದಲ್ಲಿ ಗಂಟು, ಲಾಳಿಗೆ ಬಿಳಿ ದಾರದಲ್ಲಿ ಗಂಟು. ನಾಲ್ಕು ದಿನ ಹಿಡಿಯಿತು. ಕೆಂಪು ಐವತ್ತೆಂಟು, ಬಿಳಿ ಐವತ್ತೊಂಬತ್ತು. ಇನ್ನೂ ಇಪ್ಪತ್ತೊಂದು ಉಳಿದವು. ಮಾಸ್ತರನ ಲೆಕ್ಕದಲ್ಲಿ ಉಳಿಕೆಯೇ ಇರಲಿಲ್ಲ, ನನ್ನದರಲ್ಲಿ ಯಾಕೆ ಉಳಿಯಿತು ಎಂದು ಮತ್ತೆ ಎಣಿಸಿದೆ. ಮತ್ತೆ ಇಪ್ಪತ್ತೊಂದು. ಒಬ್ಬೊಬ್ಬರ ಮುಖ ನೆನೆಸಿದೆ. ಎಲ್ಲರೂ ಗಂಡ ಸತ್ತವರು. ನಮ್ಮ ಸಂಘದಲ್ಲಿ ನೇಕಾರ ಸತ್ತರೆ ಅವನ ಸದಸ್ಯತ್ವ ಹೆಂಡತಿಗೆ ಬರುತ್ತದೆ. ಹಾಗೆ ಬಂದವರು ಇಪ್ಪತ್ತು ಜನ ಮತ್ತು ನಾನು. ನಮ್ಮ ಬಾಗಿಲಿಗೆ ಯಾರೂ ಬಂದು ಕೇಳಿರಲಿಲ್ಲ. ಮಾಸ್ತರ ನಮ್ಮನ್ನು ನಮ್ಮ ಗಂಡುಮಕ್ಕಳ ಹೆಸರಿಗೆ ಹಚ್ಚಿ ಗೆರೆ ಎಳೆದಿದ್ದ. ಮಗ ಕೆಂಪಾದರೆ ತಾಯಿಯೂ ಕೆಂಪು.

ಇಪ್ಪತ್ತೊಂದರಲ್ಲಿ ಹನ್ನೊಂದು ಜನ ಶೆಡ್ಡಿನಲ್ಲಿ ಕೂಡುವವರು. ಉಳಿದವರು ಅಲ್ಲಿಗೇ ನೂಲು ಸುತ್ತಿಕೊಡುವವರು. ಶೆಡ್ಡು ಬಿದ್ದರೆ ಎಲ್ಲರ ಕೈಯೂ ಬರಿದು. ಹಾಗಾದರೆ ಗೆಲುವು ಲಾಳಿಯದು, ಅದೂ ಇಪ್ಪತ್ತೆರಡರ ಮೇಲೆ.

ಅಷ್ಟಕ್ಕೆ ಸುಮ್ಮನಿರಬೇಕಿತ್ತು. ಸುಮ್ಮನಿರುವುದು ನನಗೆ ಯಾರೂ ಕಲಿಸಿಲ್ಲ.

ಚುನಾವಣೆಗೆ ಮೂರು ದಿನ ಇರುವಾಗ ಹಾಲು ತರಲು ಹೊರಟಿದ್ದೆ. ಮಾಸ್ತರ ಬೆಂಚಿನ ಮೇಲಿಂದ ಕೂಗಿದ:

"ಏನವಾ, ನಿಮ್ಮ ಶೆಡ್ಡಿಗೆ ಇನ್ನ ಮೂರ ದಿನ ಆಯುಷ್ಯ. ನಿನ್ನ ಕುಣಿ ನಾವ ಮುಚ್ಚಿಸೂಣೋ, ನೀನ ಮುಚ್ಚತೀಯೋ?"

ಬೆಂಚಿನವರು ನಕ್ಕರು. ನನ್ನ ಮಗನೂ ಅಲ್ಲಿದ್ದ. ಅವನು ನಗಲಿಲ್ಲ, ನೆಲ ನೋಡಿದ.

"ನಿನ್ನ ಪಟ್ಟಿ ತಗಿ ಮಾಸ್ತರ" ಎಂದೆ. "ಅದರಾಗ ನಾ ಎಲ್ಲಿ ಅದೇನಿ ತೋರಸು."

ಅವನು ಬೆರಳಿಟ್ಟು ತೋರಿಸಿದ. "ಇಲ್ಲಿ ನೋಡು. ನಿನ್ನ ಮಗನ ಕೆಳಗ. ಕೆಂಪು."

"ಹಡದಾಕಿ ನಾನು, ಮಗನ ಕೆಳಗ ನಾ ಹೆಂಗ ಬಂದೆ? ಸಾಲ್ಯಾಗ ಹುಡುಗುರ ಹಾಜರಿನೂ ಹಿಂಗ ಹಾಕತಿದ್ದೇನು, ಅಣ್ಣ ಬಂದಾನ ಅಂದ್ರ ತಂಗಿನೂ ಬಂದಾಳ ಅಂತ? ನಮ್ಮಂಥವರು ಇಪ್ಪತ್ತೊಂದ ಮಂದಿ ಅದೀವಿ. ಯಾರ ಉಡಿನೂ ನೀವು ತುಂಬಿಲ್ಲ, ಯಾರ ಮಾತನೂ ಕೇಳಿಲ್ಲ. ಆರರ ಮ್ಯಾಲೆ ಗೆಲ್ಲತಾನಂತ. ಇಪ್ಪತ್ತೆರಡರ ಮ್ಯಾಲೆ ಮಕಾಡೆ ಬೀಳತಾನ ನಿಮ್ಮ ಸಾಹುಕಾರ, ಬರದಿಟಕೊ!"

ಈ ಸಲ ಬೆಂಚಿನವರು ಅವನನ್ನು ನೋಡಿ ನಕ್ಕರು. ನಾನು ಹಾಲು ತಂದೆ, ಚಹಾ ಕಾಸಿ ಕುಡಿದೆ, ರುಚಿಯಾಗಿತ್ತು.

ಮಾಸ್ತರ ಬರೆದೇ ಇಟ್ಟುಕೊಂಡ. ಎಷ್ಟೆಂದರೂ ಮಾಸ್ತರ. ನೇರ ಸಾಹುಕಾರನ ಮನೆಗೆ ಹೋದ. ಮರುದಿನ ಮಧ್ಯಾಹ್ನ ಬುಟ್ಟಿ ಮತ್ತೆ ಓಣಿಗೆ ಬಂತು. ಈ ಸಲ ಮುತ್ತೈದೆಯರ ಬಾಗಿಲು ಬಿಟ್ಟು ನಮ್ಮ ಬಾಗಿಲಿಗೆ.

ಇಂಥದ್ದನ್ನು ಓಣಿ ನೋಡಿರಲಿಲ್ಲ. ಮಗ್ಗದ ಸದ್ದು ನಿಂತಿತು. ಮೊದಲು ಹೋದದ್ದು ನನ್ನ ಗೆಳತಿಯ ಮನೆಗೆ. ಶೆಡ್ಡಿನಲ್ಲಿ ಅವಳದು ಐದನೆಯ ಕುಣಿ, ನನ್ನ ಬಲಗಡೆ. ಹತ್ತೊಂಬತ್ತಕ್ಕೆ ಗಂಡನನ್ನು ಕಳೆದುಕೊಂಡವಳು. ಮೈದುನನ ಮಗಳ ಮದುವೆಯಲ್ಲಿ ಅರಿಷಿಣ ಅರೆಯುವ ಕಡೆಯಿಂದಲೂ ಎಬ್ಬಿಸಿ ಕಳಿಸಿದ್ದರು ಅವಳನ್ನು. ಸಾಹುಕಾರನ ಹೆಂಡತಿ "ಉಡಿ ಒಡ್ಡವಾ" ಎಂದಾಗ ಅವಳಿಗೆ ಸೆರಗಿನ ಯಾವ ತುದಿ ಹಿಡಿಯಬೇಕೆಂದೇ ತಿಳಿಯಲಿಲ್ಲ. ಅಕ್ಕಿ ಬಿದ್ದಾಗ ಅತ್ತಳು. ಕಣ್ಣೀರು ಖಣದ ಮೇಲೆ ಬಿತ್ತು. ನಾನು ಎದುರು ಕಟ್ಟೆಯ ಮೇಲೆ ನಿಂತು ನೋಡುತ್ತಿದ್ದೆ. ನನ್ನ ಇಪ್ಪತ್ತೊಂದರಲ್ಲಿ ಒಂದು ಗಂಟು ಬಿಚ್ಚಿತೆಂದು ಲೆಕ್ಕ ಹಾಕಿದೆ. ಎರಡನೇ ಮನೆಯಲ್ಲಿ ಇನ್ನೊಂದು. ಐದಾರು ಮನೆಯಾಗುವ ಹೊತ್ತಿಗೆ ಲೆಕ್ಕ ಬಿಟ್ಟೆ. ಯಾರನ್ನು ಬೈಯಲಿ? ಹೇಳಿಕೊಟ್ಟವಳು ನಾನೇ.

ಕಡೆಗೆ ನನ್ನ ಹೊಸ್ತಿಲಿಗೆ ಬಂದಳು. ಬುಟ್ಟಿಯೊಳಗೆ ನೋಡಿದೆ. ಅಕ್ಕಿ, ಕಾಯಿ, ಉತ್ತತ್ತಿ, ಖಣ ಇದ್ದವು.

"ಕುಂಕುಮದ ಬಟ್ಟಲು ಎಲ್ಲಿ?" ಎಂದೆ.

ಅವಳು ಹಿಂದಿನವಳ ಮುಖ ನೋಡಿದಳು. "ಅದು... ನಿಮಗ ಹೆಂಗ ಹಚ್ಚೂದವಾ?"

"ಅಂದ್ರ ಅರ್ಧಾ ಉಡಿ ತಂದಿ."

"ಹಂಗಲ್ಲವಾ, ಮಂದಿ ಏನಂತಾರೋ ಅಂತ..."

"ಮಂದಿ ಅನ್ನೂದು ಇನ್ನೇನು ಉಳದೈತಿ? ತುಂಬು, ತಂದದ್ದ ತುಂಬು."

ಸೆರಗು ಒಡ್ಡಿದೆ. ಖಣ ಚೆನ್ನಾಗಿತ್ತು, ಒಳ್ಳೆಯ ರೇಷ್ಮೆ ಅಂಚು. ಬಿಡುವುದೇಕೆ? ಪಾಪ, ಅವಳಿಗೂ ಇದು ಮೊದಲ ಸಲ.

ಸಂಜೆ ಆ ಇಪ್ಪತ್ತೂ ಜನರನ್ನು ಶೆಡ್ಡಿಗೆ ಕರೆದೆ. ಹದಿನೇಳು ಜನ ಬಂದರು. ಒಬ್ಬಳು ಮಗಳ ಬಾಣಂತನಕ್ಕೆ ಬಾದಾಮಿಗೆ ಹೋಗಿದ್ದಳು, ಚುನಾವಣೆಯ ದಿನ ಬರುವವಳಿದ್ದಳು. ಉಳಿದವರು ಬರಲೊಲ್ಲೆ ಎಂದರು. ಬಂದವರೂ ನನ್ನ ಮುಖ ನೋಡಲಿಲ್ಲ. ನನ್ನ ಗೆಳತಿ ಖಣವನ್ನು ಇನ್ನೂ ಕಂಕುಳಲ್ಲಿ ಇಟ್ಟುಕೊಂಡಿದ್ದಳು.

"ಏನಂತೀ ಈಗ?" ಎಂದೆ.

"ಏನನ್ಲೆಕ್ಕಾ? ಉಡಿ ತುಂಬ್ಯಾರ. ಎರಡು ಬಗದ್ರ ಪಾಪ ಸುತಗೊಳ್ಳತೈತಿ."

"ಶೆಡ್ಡು ಬಿದ್ರ?"

"ಬಿದ್ರ ಬೀಳ್ತೈತಿ. ನಲವತ್ತು ವರ್ಷಕ್ಕ ಒಬ್ಬಾಕಿ ನನ್ನ ಬಾಗಲಕ ಬುಟ್ಟಿ ತಂದಾಳ. ಆಕಿಗೆ ಹೆಂಗ ಇಲ್ಲನ್ನೂದು?"

ಬೇರೆಯವರೂ ತಲೆಯಾಡಿಸಿದರು. ಮೂಲೆಯಿಂದ ಒಬ್ಬ ಮುದುಕಿ, ನನಗಿಂತಲೂ ಹಿರಿಯಳು, "ನೀ ಬಾಯಿ ಮುಚ್ಚಿಕೊಂಡಿದ್ರ ಈ ಧರ್ಮಸಂಕಟ ಇರ್ತಿದ್ದಿಲ್ಲ, ಹಾದರಗಿತ್ತಿ" ಎಂದಳು. ಆ ಮಾತು ಖರೆ ಇತ್ತು. ನುಂಗಿದೆ.

ತಗಡಿನ ತೂತಿನಿಂದ ಬಿಸಿಲಿನ ಒಂದು ಕೋಲು ನನ್ನ ಹಾಸಿನ ಮೇಲೆ ಬಿದ್ದಿತ್ತು. ನನಗೆ ಸಿಟ್ಟು ಬಂತು, ಸಾಹುಕಾರನ ಮೇಲಲ್ಲ, ಗೆಳತಿಯ ಮೇಲೂ ಅಲ್ಲ. ಯಾವನೋ ಮಾಡಿಟ್ಟ ಕಟ್ಟಳೆ. ಅದರ ಒಳಗೆ ನಮ್ಮನ್ನು ಬಿಡಲಿಲ್ಲ. ಈಗ ಅದರಿಂದಲೇ ನಮ್ಮನ್ನು ಕಟ್ಟಿಹಾಕುತ್ತಿದ್ದಾರೆ.

"ಒಂದು ಮಾತು ಕೇಳ್ತೇನಿ" ಎಂದೆ. "ಉಡಿ ತುಂಬಿದವರಿಗೆ ಎರಡು ಬಗೀಬಾರದು ಅನ್ನೂದು ಯಾರಿಗೆ ಮಾಡಿದ ಕಟ್ಟಳಿ?"

"ಹೆಂಗಸರಿಗೆ."

"ಯಾವ ಹೆಂಗಸರಿಗೆ?"

ಮೂಲೆಯ ಮುದುಕಿಯೇ ಕಡೆಗೆ, "ಮುತ್ತೈದ್ಯಾರಿಗೆ" ಎಂದಳು.

"ಹೌದಲ್ಲೋ? ನಮಗ ಉಡಿನೂ ಇದ್ದಿಲ್ಲ, ಕಟ್ಟಳಿನೂ ಇದ್ದಿಲ್ಲ. ಕುಂಕುಮ ಹಚ್ಚಾಕ ನಾವು ಮುತ್ತೈದ್ಯಾರಲ್ಲ, ಪಾಪ ಸುತಗೊಳ್ಳಾಕ ಅಷ್ಟ ಮುತ್ತೈದ್ಯಾರು? ಆಕಿ ಬಟ್ಟಲು ತಂದಿದ್ರ ನಾ ಈ ಮಾತು ಆಡತಿದ್ದಿಲ್ಲ. ತರಲಿಲ್ಲ. ಅಕ್ಕಿ ಅನ್ನ ಮಾಡ್ರಿ, ಕಾಯಿ ಒಡೀರಿ, ಖಣ ಕುಬಸಾ ಹೊಲಸ್ರಿ. ವೋಟು ನಿಮ್ಮ ಕುಣಿಗೆ ಹಾಕ್ರಿ."

"ಮುದುಕಿಗೆ ಕುಬಸಾ ಬ್ಯಾರೆ ಕೇಡು" ಎಂದು ಯಾರೋ ಅಂದರು. ನಕ್ಕರು. ನಕ್ಕದ್ದು ಒಳ್ಳೆಯದಾಯಿತು. ಆದರೆ ಹೂಂ ಎಂದು ಯಾರೂ ಅನ್ನಲಿಲ್ಲ. ಅವರು ಎದ್ದು ಹೋದ ಮೇಲೆ ದಾರ ತೆಗೆದು ನೋಡಿದೆ. ಇಪ್ಪತ್ತೊಂದರಲ್ಲಿ ನನಗೆ ಖಾತ್ರಿ ಇದ್ದದ್ದು ಒಂದೇ, ನನ್ನದು.

ಚುನಾವಣೆ ಶೆಡ್ಡಿನಲ್ಲೇ ನಡೆಯಿತು. ಹುನಗುಂದದಿಂದ ಒಬ್ಬ ವಕೀಲನನ್ನು ಕರೆಸಿ ಎಣಿಸಲು ಕೂಡಿಸಿದ್ದರು. ಸಾಹುಕಾರನ ಜೀಪು ರಾಮಥಾಳದ ನೀರಾವರಿ ಪಂಪಿನ ಕೆಲಸಕ್ಕೆ ಹೋದವರನ್ನು, ಬಾಗಲಕೋಟೆಯ ನವನಗರದಲ್ಲಿ ಮನೆ ಮಾಡಿದವರನ್ನು ಹೇರಿಕೊಂಡು ಬಂತು. ಬಾದಾಮಿಯ ಬಾಣಂತನದವಳು ಬಸ್ಸಿನಲ್ಲಿ ನಿಂತುಕೊಂಡೇ ಬಂದಳು. ಚೀಟಿಯ ಮೇಲೆ ರಾಟಿ, ಲಾಳಿ ಎರಡೂ ಇದ್ದವು, ಬೇಕಾದದ್ದಕ್ಕೆ ಶಿಕ್ಕಾ ಒತ್ತಬೇಕು. ಡಬ್ಬಿಯನ್ನು ಇಟ್ಟಿದ್ದದ್ದು ನನ್ನ ಮಗ್ಗದ ಹಲಗೆಯ ಮೇಲೆ. ಕೆಳಗೆ ನನ್ನ ಹಾಸು ಇತ್ತು, ಮೇಲೆ ನೂರಾ ಮೂವತ್ತೆಂಟು ಜನರ ಧೂಳು. ಮಗ ನನ್ನ ಮುಂದೆ ಸಾಲಿನಲ್ಲಿದ್ದ. ಹಿಂತಿರುಗಿ ಏನೋ ಹೇಳಲು ಬಾಯಿ ತೆರೆದ. "ಮುಂದ ನೋಡು" ಎಂದೆ.

ಮೂರು ಗಂಟೆಗೆ ಎಣಿಸಿದರು. ಲಾಳಿ ಎಪ್ಪತ್ತೊಂದು, ರಾಟಿ ಅರವತ್ತಾರು, ಕೆಟ್ಟದ್ದು ಒಂದು.

ಹಾಲಿ ಅಧ್ಯಕ್ಷನಿಗೆ ತಾನು ಗೆದ್ದದ್ದು ತಿಳಿಯಲು ಒಂದು ಗಳಿಗೆ ಹಿಡಿಯಿತು. ಆಮೇಲೆ ಪಟಾಕಿ, ಗುಲಾಲು. ಮಾಸ್ತರ ತನ್ನ ಝೆರಾಕ್ಸ್ ಹಿಡಿದು ಹತ್ತಿರ ಬಂದ. "ನೀ ಇಪ್ಪತ್ತೆರಡರ ಮ್ಯಾಲೆ ಅಂದಿದ್ದಿ. ಐದೇ ಬಂತು" ಎಂದ. ಸೋತವನಿಗೆ ಅಷ್ಟಾದರೂ ಬೇಕಲ್ಲ. "ಹದಿನೇಳು ನನ್ನ ಬಾಯಿ ತಿಂತು ಮಾಸ್ತರ" ಎಂದೆ. ಇಪ್ಪತ್ತೊಂದರಲ್ಲಿ ಹನ್ನೆರಡು ನಮಗೆ ಬಿದ್ದಿದ್ದವು, ಎಂಟು ರಾಟಿಗೆ. ಯಾರು ಎಲ್ಲಿ ಒತ್ತಿದರೆಂದು ನಾನು ಕೇಳಲಿಲ್ಲ, ಕೇಳುವುದೂ ಇಲ್ಲ.

ಕೆಟ್ಟ ಚೀಟಿ ಯಾರದೆಂದು ಮಾತ್ರ ಗೊತ್ತಾಯಿತು. ನನ್ನ ಗೆಳತಿ ತಾನೇ ಕಿವಿಯಲ್ಲಿ ಹೇಳಿದಳು: "ಎರಡಕ್ಕೂ ಒತ್ತಿದೆ ಅಕ್ಕಾ. ಉಡಿಗೆ ಒಂದು, ಕುಣಿಗೆ ಒಂದು."

"ಹುಚ್ಚಿ, ಎರಡೂ ಕಡಿಗೆ ಸಂದಿಲ್ಲ ಅದು."

"ನನಗ ಸಂತು" ಎಂದಳು.

ಆ ಗದ್ದಲದಲ್ಲಿ ಅಧ್ಯಕ್ಷನನ್ನು ಎತ್ತಿ ನನ್ನ ಮಗ್ಗದ ಹಲಗೆಯ ಮೇಲೆ ನಿಲ್ಲಿಸಿದರು, ಫೋಟೋಕ್ಕೆ. ಕೊರಳಲ್ಲಿ ಮೂರು ಹಾರ. ಒಂದು ಕಾಲು ಹಲಗೆಯ ಮೇಲೆ, ಇನ್ನೊಂದು ನನ್ನ ಹಾಸಿನ ಮೇಲೆ. ಗುಲಾಲು ಎಳೆಗಳ ಮೇಲೆ ಉದುರುತ್ತಿತ್ತು. ನಾನು ಮಂದಿಯನ್ನು ಸರಿಸಿಕೊಂಡು ಹೋದೆ.

"ಇಳಿ" ಎಂದೆ.

"ಒಂದ ಫೋಟೋ ಬೇ..."

"ಇಳೀಯಪಾ. ನಾಕ ಎಳಿ ಹರದಾವ ಆಗಲೇ. ನಿನ್ನ ಗೆಲ್ಲಿಸಿದ್ದು ನೀ ನನ್ನ ಹಾಸು ತುಳೀಲಿ ಅಂತಲ್ಲ. ಕುಣ್ಯಾಗ ಕಾಲು ಇಡಾಕ ಕಲಿ, ಅಧ್ಯಕ್ಷ ಆಮ್ಯಾಲ ಆಗೀಯಂತ. ತಗಡು ಯಾವಾಗ ಹಾಕಸತಿ?"

"ನೋಡೋಣ ಬೇ" ಎಂದ.

"ನೋಡೋಣ ಅನಬ್ಯಾಡ. ಇಪ್ಪತ್ತೊಂದ ಮಂದಿ ಅದೀವಿ, ಈಗ ಎಲ್ಲಾರಿಗೂ ಗೊತ್ತಾಗೇತಿ. ಮಳಿಗಿಂತ ಮೊದಲ ತಗಡು ಬರಬೇಕು."

ಅವನು ಹಾರ ಹಿಡಿದುಕೊಂಡು ಇಳಿದ. ಫೋಟೋದವನು ಬೇರೆ ಕಡೆ ಹೋದ. ಮಗ ಡಬ್ಬಿ ಎತ್ತಿ ಪಕ್ಕಕ್ಕಿಟ್ಟ, ಗುಲಾಲು ಊದಿ ತೆಗೆದ. ನಾನು ಕುಣಿಯೊಳಗೆ ಕಾಲು ಇಳಿಬಿಟ್ಟೆ. ಹರಿದದ್ದು ನಾಲ್ಕಲ್ಲ, ಆರು ಎಳೆ. ಗಂಟು ಹಾಕಲು ಕೂತೆ.